ಮೈತ್ರಿಯ ಕೋವಿ, ನನ್ನ ಕೀಗೊಂಚಲು

ಠಪ್.

ಒಳ್ಳೆಯ ಕೋವಿಯನ್ನು ಮಡಿಸಿ ಮುಚ್ಚಿದಾಗ ಬರುವ ಶಬ್ದ ಇದು. ನಮ್ಮ ಕಾನ್ವೆಂಟಿನ ಸಿಸ್ಟರ್ ಕ್ಲಾಸು ಮುಗಿಯಿತು ಎಂದು ದಪ್ಪ ಬೈಬಲ್ಲನ್ನು ಮುಚ್ಚುತ್ತಿದ್ದರಲ್ಲ, ಹಾಗೆ. ಮೆತ್ತಗೆ, ಖಡಾಖಂಡಿತ.

ಕಾರ್ಕಳದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅದು ಕೇಳುತ್ತಿತ್ತು. ಅಪ್ಪ ತಮ್ಮ ಜೋಡಿನಳಿಗೆ ಕೋವಿಯನ್ನು ಬಿಡಿಸಿ, ಎಣ್ಣೆಬಟ್ಟೆ ಎಳೆದು, ನಳಿಗೆಯ ಒಳಗಿಂದ ಒಮ್ಮೆ ಆಕಾಶ ನೋಡಿ, ಮುಚ್ಚುತ್ತಿದ್ದರು. ಠಪ್. ನಾನು ಫ್ರಾಕಿನ ಮಡಿಲಲ್ಲಿ ಕೆಂಪು ತೋಟೆಗಳನ್ನು, ಅಂದರೆ ಕಾರ್ಟ್ರಿಜ್‌ಗಳನ್ನು, ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ಎಂಟು ವರ್ಷದ ಹುಡುಗಿ. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಶಬ್ದ ಮತ್ತೆ ಕೇಳಿದ್ದು ಅರವತ್ತೈದು ವರ್ಷ ಕಳೆದ ಮೇಲೆ, ಲಂಡನ್ನಿನ ಅಂಚಿನಲ್ಲಿರುವ ಒಂದು ಕೋವಿ ಅಂಗಡಿಯಲ್ಲಿ. ಕೊಳ್ಳಲು ಬಂದವಳು ನನ್ನ ಮೊಮ್ಮಗಳು ಮೈತ್ರಿ.

ಸರಿಯಾಗಿಯೇ ಓದಿದಿರಿ. ಕಾಫಿ ಲೋಟ ಕೆಳಗಿಡಿ, ಹೇಳುತ್ತೇನೆ.

ಮೈತ್ರಿಗೆ ಹತ್ತೊಂಬತ್ತು. ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್. ಎರಡು ವರ್ಷದಿಂದ ಪ್ರತಿ ಭಾನುವಾರ ಒಂದು ಕ್ಲಬ್ಬಿಗೆ, ಕ್ಲೇ ಶೂಟಿಂಗಿಗೆ ಹೋಗುತ್ತಾಳೆ. ಚಹಾದ ಸಾಸರಿನಷ್ಟು ದೊಡ್ಡ, ಕಿತ್ತಳೆ ಬಣ್ಣದ ಬಿಲ್ಲೆಯನ್ನು ಒಂದು ಮೆಶೀನು ಆಕಾಶಕ್ಕೆ ಎಸೆಯುತ್ತದೆ. ನೀವು ಹೊಡೆಯಬೇಕು. ತಾಗಿದರೆ ಪುಡಿ, ತಪ್ಪಿದರೆ ಅದು ಹುಲ್ಲಿನಲ್ಲಿ ಬಿದ್ದು ನಿಮ್ಮನ್ನು ನೋಡಿ ನಗುತ್ತದೆ. ಅಷ್ಟೇ ಆಟ. ಕ್ಲಬ್ಬಿನ ಕೋವಿಗಳು ಎಲ್ಲರ ಭುಜಕ್ಕೂ ಹೊಂದಬೇಕಾದವು. ಹಾಗಾಗಿ ಯಾರ ಭುಜಕ್ಕೂ ಹೊಂದುವುದಿಲ್ಲ. ಪ್ರತಿ ಸೋಮವಾರ ಹುಡುಗಿಯ ತೋಳು ನೇರಳೆ ಹಣ್ಣಿನ ಬಣ್ಣ. ಬಿಲ್ಲೆಗೂ, ಮುಂದೆ ಹಕ್ಕಿ ಬೇಟೆಗೂ ಆಗುವ ಸ್ವಂತದ್ದೊಂದು ಬೇಕು ಎಂದು ಏರ್‌ಪೋರ್ಟಿನ ಕಾಫಿ ಕೌಂಟರಿನಲ್ಲಿ ವೀಕೆಂಡ್ ಕೆಲಸ ಮಾಡಿ ದುಡ್ಡು ಉಳಿಸಿದಳು.

ಒಂದು ಸಂಜೆ ನನ್ನ ರೂಮಿಗೆ ಬಂದು, "ಅಜ್ಜಿ, ಯು ನೋ ಗನ್ಸ್. ನನ್ನ ಜೊತೆ ಬರ್ತೀರಾ?" ಎಂದಳು.

ಈ ಊರಿಗೆ ಬಂದ ಮೇಲೆ ನನಗೆ ಏನು ಗೊತ್ತು ಎಂದು ಯಾರೂ ಕೇಳಿರಲಿಲ್ಲ. (ಮಾತ್ರೆ ತೆಗೊಂಡ್ರಾ ಎಂದು ಕೇಳುತ್ತಾರೆ. ಅದು ಬೇರೆ.) ಒಳ್ಳೆಯ ಕಾರ್ಡಿಗನ್ ಹಾಕಿಕೊಂಡು ಹೊರಟೆ.

ಅಂಗಡಿಯಲ್ಲಿ ನಾನು ಕೊಟ್ಟ ಸಲಹೆಗಳೆಲ್ಲ ತಪ್ಪು. ಎಲ್ಲವೂ.

ಕೋವಿ ಎಂದರೆ ಎರಡು ನಳಿಗೆ ಅಕ್ಕಪಕ್ಕ ಇರಬೇಕು, ಗಂಡ ಹೆಂಡತಿ ಫೋಟೋಕ್ಕೆ ನಿಂತ ಹಾಗೆ. ಇಲ್ಲಿ ನೋಡಿದರೆ ಎಲ್ಲವೂ ಓವರ್-ಅಂಡರ್: ಒಂದರ ಮೇಲೊಂದು, ಬಂಕ್ ಬೆಡ್ಡಿನ ಹಾಗೆ. ಅಂಗಡಿಯವನು ಕೆಂಪು ಮುಖದ ಸಭ್ಯ ಮನುಷ್ಯ. "ಮೇಡಂ, ಒಂದರ ಮೇಲೊಂದಿದ್ದರೆ ಕಣ್ಣಿನ ಮುಂದೆ ಒಂದೇ ಗೆರೆ. ಕಲಿಯುವವರಿಗೆ ಸುಲಭ," ಎಂದ. ಅಪ್ಪ ಕೇಳಿದ್ದರೆ ಎದ್ದು ಹೋಗುತ್ತಿದ್ದರು.

ಮೈತ್ರಿಯ ಕಣ್ಣು ಹೊಳೆಯುವುದೊಂದರ ಮೇಲೆ ಬಿದ್ದಿತ್ತು. ಹೊಚ್ಚ ಹೊಸದು, ಟರ್ಕಿಯದು, ಅಗ್ಗದ್ದು, ಬದಿಯಲ್ಲಿ ಬಾತುಕೋಳಿಯ ಚಿತ್ತಾರ. "ಚಿತ್ತಾರಕ್ಕೆ ದುಡ್ಡು ಕೊಡಬೇಡಮ್ಮ, ಬಾತುಕೋಳಿ ಗುರಿ ಹಿಡಿಯುವುದಿಲ್ಲ," ಎಂದು ಅವನೇ ಹೇಳಿದ. ಮಾರುವವನ ಬಾಯಲ್ಲಿ ಇಂಥ ಮಾತು ಕೇಳಿ ನಾನು ಅವನನ್ನು ಅಳಿಯ ಮಾಡಿಕೊಳ್ಳುವಷ್ಟು ಮೆಚ್ಚಿದೆ. ಬಿಲ್ಲೆಗೂ ಆಗಬೇಕು, ಹಕ್ಕಿಗೂ ಆಗಬೇಕು, ಕೈಗೂ ಎಟಕಬೇಕು ಎಂದರೆ ನಡುದಾರಿ ಹಿಡಿಯಬೇಕಂತೆ. ತೀರಾ ಹಗುರದ್ದು ಬೇಡ. ದಿನಕ್ಕೆ ನೂರು ತೋಟೆ ಹಾರಿಸಿದರೆ ಭುಜ ಉಳಿಯುವುದಿಲ್ಲ. ತೀರಾ ಭಾರದ್ದೂ ಬೇಡ. ಗದ್ದೆಬದಿಯಲ್ಲಿ ಮೈಲಿಗಟ್ಟಲೆ ಹೊತ್ತು ನಡೆಯುವವರು ಹಕ್ಕಿ ಎದ್ದಾಗ ಎತ್ತಲಾರರು. ನಳಿಗೆ ಮೂವತ್ತು ಇಂಚು. ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ ಚೋಕ್, ಅಂದರೆ ಬಾಯಿ ಕಿರಿದು ಮಾಡುವ ಬಳೆ, ಇರಲಿ. ಹತ್ತಿರದ ಗುರಿಗೊಂದು, ದೂರದ್ದಕ್ಕೊಂದು ಬದಲಾಯಿಸಬಹುದು.

"ಇದೆಲ್ಲ ಆಮೇಲೆ," ಎಂದ. "ಮೊದಲು ಮೈಗೆ ಹೊಂದಬೇಕು."

ಅಲ್ಲಿಗೆ ಬಂತು ತೊಡಕು. ನಮ್ಮ ಹುಡುಗಿ ಐದಡಿ ಒಂದಿಂಚು. ಒಂದೊಂದು ಕೋವಿ ಎತ್ತಿದಾಗಲೂ ಅದರ ಹಿಂಬದಿಯ ಮರ ಅವಳ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ನನಗೆ ತಟ್ಟನೆ ಅರ್ಥವಾಯಿತು. ಬ್ಲೌಸು! ರೆಡಿಮೇಡ್ ಬ್ಲೌಸಿಗೆ ಎಷ್ಟೇ ಜರಿ ಇರಲಿ, ತೋಳು ಎತ್ತಲು ಬರದಿದ್ದರೆ ಏನು ಪ್ರಯೋಜನ? ಅಳತೆಗೆ ಹೊಲಿಸಿದ ವಾಯಿಲ್ ಬ್ಲೌಸೇ ಮೇಲು. ಇಡೀ ದಿನದಲ್ಲಿ ನಾನು ಆಡಿದ ಒಂದೇ ಬುದ್ಧಿಯ ಮಾತು ಇದು. ಅಂಗಡಿಯವನಿಗೆ ಬ್ಲೌಸ್ ವಿವರಿಸಲು ಹತ್ತು ನಿಮಿಷ ಹಿಡಿಯಿತು.

ಬರಿಗೈಯಲ್ಲಿ ಬಂದೆವು.

ಹುಡುಕಿದ್ದು ಸಿಕ್ಕಿದ್ದು ಆರ್ಥರ್ ಹತ್ತಿರ. ಆರ್ಥರ್ ಕ್ಲಬ್ಬಿನ ಅತಿ ಹಿರಿಯ ಸದಸ್ಯರು, ಎಂಬತ್ತೊಂದು ವರ್ಷ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರು. ಮೈತ್ರಿಗೆ ಮೊದಲ ದಿನ ಕಾಲು ಎಲ್ಲಿಡಬೇಕು ಎಂದು ತೋರಿಸಿದವರು ಅವರೇ. ನನ್ನ ಕಿವಿಯಷ್ಟು ಎತ್ತರ. ಅವರ ಬಳಿ ಇಪ್ಪತ್ತೈದು ವರ್ಷದ ಒಂದು ಇಟಲಿಯ ಓವರ್-ಅಂಡರ್ ಇತ್ತು. ಚಳಿಗಾಲದಲ್ಲಿ ಫೆಸೆಂಟ್ ಹಕ್ಕಿಗೆ, ಉಳಿದ ಕಾಲ ಬಿಲ್ಲೆಗೆ, ಅದೊಂದೇ. ತಮ್ಮ ಗಿಡ್ಡ ತೋಳಿಗೆ ತಕ್ಕಂತೆ ಹಿಂಬದಿಯ ಮರವನ್ನು ಒಂದಿಂಚಿಗಿಂತ ಹೆಚ್ಚು ಕೊಯ್ಯಿಸಿದ್ದರು. ಹಾಗೆ ಕೊಯ್ದ ಕೋವಿಯನ್ನು ಯಾರೂ ಕೊಳ್ಳುವುದಿಲ್ಲ. ಬೆಲೆ ಅರ್ಧಕ್ಕೆ ಇಳಿಯುತ್ತದೆ. ಡೀಲರಿಗೆ ಕೊಟ್ಟರೆ ಬಿಡಿಭಾಗಕ್ಕೆ ಬಿಚ್ಚುತ್ತಾನೆ.

ಮೈತ್ರಿ ಎತ್ತಿ ಭುಜಕ್ಕಿಟ್ಟಳು. ಎಲ್ಲಿಯೂ ಸಿಕ್ಕಲಿಲ್ಲ. ಕೆನ್ನೆ ತಾನಾಗಿ ಮರದ ಮೇಲೆ ಬಂದು ಕುಳಿತಿತು.

"ಇಪ್ಪತ್ತೈದು ವರ್ಷ ನಿನ್ನದನ್ನೇ ಹೊತ್ತುಕೊಂಡು ತಿರುಗಿದ್ದೇನೆ ನಾನು," ಎಂದರು ಆರ್ಥರ್. (ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ತುಂಬ ಚಿಕ್ಕದಾಗಿ. ಕನ್ನಡ ನನ್ನದು.)

ಬೆಲೆ ಅವಳಿಗೆ ಎಟಕುವಷ್ಟೇ. ಜೊತೆಗೆ ಒಂದು ಬೇಡಿಕೆ. ಅವರ ಕಣ್ಣು ಬೇಗ ಬೇಗ ಮಸುಕಾಗುತ್ತಿತ್ತು. ತಿಂಗಳ ಕೊನೆಗೆ ದೂರದ ಕಾರ್ನ್‌ವಾಲಿಗೆ, ಮಗಳ ಮನೆಗೆ ಹೊರಟಿದ್ದರು. ಆ ಮಗಳು ಕೋವಿಯನ್ನು ಮನೆಗೆ ಸೇರಿಸುವವಳಲ್ಲ. "ಹೋಗುವ ಮೊದಲು ಒಂದು ಸಲ, ಇದು ಅವಳದಾಗಿ, ಅವಳ ಕೈಯಲ್ಲಿ ನೋಡಬೇಕು ಮಿಸೆಸ್ ಹೆಗ್ಡೆ. ನನ್ನದು ಅಂತ ಎರವಲು ಕೊಟ್ಟು ನೋಡುವುದಲ್ಲ. ಅವಳದು."

ಅವಳದಾಗಬೇಕಾದರೆ ಪೊಲೀಸರ ಸರ್ಟಿಫಿಕೇಟ್ ಬೇಕು. ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು, ಪತ್ರ ಕೊಟ್ಟಾಗಿತ್ತು. ಉಳಿದದ್ದು ಆಫೀಸರ್ ಮನೆಗೆ ಬಂದು ನೋಡುವುದೊಂದೇ.

ಮನೆಯಲ್ಲಿ ಇನ್ನೊಂದು ಆಫೀಸು ಇತ್ತಲ್ಲ? ಸೊಸೆ ಸವಿತಾ. ವಿಜಯಪುರದವಳು, ಫಾರ್ಮಸಿಸ್ಟ್, ಈರುಳ್ಳಿ ಹೆಚ್ಚುವಾಗಲೂ ಅದಕ್ಕೆ ನೋವಾದೀತೇ ಎಂದು ಯೋಚಿಸುವ ಶುದ್ಧ ಸಸ್ಯಾಹಾರಿ. (ಮೀನಿಲ್ಲದೆ ಊಟ ಸೇರದ ನಮ್ಮ ಮನೆಗೆ ಹೇಗೆ ಬಂದಳು ಎಂದರೆ, ಲವ್. ಮಗನ ಪುಣ್ಯ.) ಊಟದ ಮೇಜಿನಲ್ಲಿ ವಿಚಾರಣೆ ನಡೆಯಿತು.

"ಮಣ್ಣಿನ ಬಿಲ್ಲಿ ಹೊಡಿಯೂದಕ್ಕ ನಂದೇನ್ ತಕರಾರಿಲ್ಲ. ಹಕ್ಕಿ ಗಿಕ್ಕಿ ಹೊಡದ್ ತಂದ್ರ ಅಡಗಿಮನ್ಯಾಗ ಕಾಲಿಡಾಕ ಬಿಡಂಗಿಲ್ಲ ನೋಡ್."

"ಮಾ, ನಾನು ಚಿಕನ್ ತಿಂತೀನಿ. ಹೊಡೆಯೋದು ಬೇರೆಯವರು, ತಿನ್ನೋದು ನಾನು, ಈಸ್ ದಟ್ ಬೆಟರ್?"

"ಅದನ್ನ ನಿಮ್ಮಜ್ಜೀನ ಕೇಳು. ತಿನ್ನಾಕ ಕಲಿಸಿದಾಕಿ ಆಕೀನ."

ನನ್ನತ್ತ ತಿರುಗಿತು ನಳಿಗೆ. ನಾನು ಅಪ್ಪನ ನಿಯಮ ಹೇಳಿದೆ: ತಿನ್ನದ ಹಕ್ಕಿಗೆ ಈಡು ಹಾಕಬಾರದು, ಹೆಕ್ಕಲಾಗದ ಕಡೆ ಬೀಳುವ ಹಕ್ಕಿಗೂ ಹಾಕಬಾರದು. ಮೈತ್ರಿ, "ದಟ್ಸ್ ಫೇರ್," ಎಂದಳು. ಸವಿತಾ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಮ್ಮ ಮನೆಯಲ್ಲಿ ಒಪ್ಪಿಗೆಯ ಸಹಿ ಬೀಳುವುದು ಹೀಗೆ.

ಮಂಗಳವಾರ ಆಫೀಸರ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ನಗುಮುಖ. ಏರ್‌ಪೋರ್ಟಿನ ಪಕ್ಕ, ಫೆಲ್ಥಮ್ಮಿನ ನಮ್ಮ ಮನೆಯ ಮೇಲೆ ಮೂರು ನಿಮಿಷಕ್ಕೊಂದು ವಿಮಾನ ಹೋಗುತ್ತದೆ. ಅದು ಹೋಗುವವರೆಗೆ ಮಾತು ನಿಲ್ಲಿಸಿ, ಚಕ್ಕುಲಿ ಮುರಿದು, ಮತ್ತೆ ಮುಂದುವರಿಸುವುದನ್ನು ಆಕೆ ಐದೇ ನಿಮಿಷದಲ್ಲಿ ಕಲಿತರು. ಸಾಮಾನು ತುಂಬುವ ಬಾಕ್ಸ್ ರೂಮಿನ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರುವನ್ನು ಅಲುಗಾಡಿಸಿ ನೋಡಿದರು. ಖಾಲಿ ಬೀರು, ಗಟ್ಟಿ ಬೀರು. ಸಂತೋಷ.

"ಕೀ ಎಲ್ಲಿಡುತ್ತೀಯ?" ಎಂದು ಮೈತ್ರಿಯನ್ನು ಕೇಳಿದರು.

ಮೈತ್ರಿ ಬಾಯಿ ತೆರೆದಳು. ನಾನು ಮೊದಲು ಮಾತಾಡಿದೆ.

"ನೀವು ಚಿಂತೆ ಮಾಡಬೇಡಿ ಆಫೀಸರ್. ಸ್ಪೇರ್ ಕೀ ಆಗಲೇ ನನ್ನ ಹತ್ತಿರ ಇದೆ." ಕಾರ್ಡಿಗನ್ನಿನ ಜೇಬಿನಿಂದ ಗೊಂಚಲು ತೆಗೆದು ಝಣ್ಣೆಂದು ತೋರಿಸಿದೆ. ಬೀರು ಬಂದ ದಿನವೇ ಅದರ ಎರಡನೆಯ ಕೀ ಗೊಂಚಲಿಗೆ ಸೇರಿಸಿದ್ದೆ. ಈ ಮನೆಗೆ ಬರುವ ಯಾವ ಕೀಯಾದರೂ ಸೇರುವುದು ಅಲ್ಲಿಗೇ.

"ಗೊಂಚಲು ಯಾವಾಗಲೂ ನಿಮ್ಮ ಜೇಬಿನಲ್ಲೇ?"

"ಇಲ್ಲ ಇಲ್ಲ. ದೇವರ ಫೋಟೋದ ಹಿಂದೆ ಮೊಳೆ ಇದೆ. ಅಲ್ಲೇ. ಮನೆಯ ಎಲ್ಲರಿಗೂ ಗೊತ್ತು. ಹಾಗಾಗಿ ಇವತ್ತಿನವರೆಗೂ ಕಳೆದುಹೋಗಿಲ್ಲ."

ಆಕೆಯ ಪೆನ್ನು ನಿಂತಿತು. "ಎಲ್ಲರಿಗೂ ಅಂದರೆ?"

"ಮಗ, ಸೊಸೆ, ನಾನು. ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕಲು ಬರುವ ಪಕ್ಕದ ಮನೆಯವರು. ಮತ್ತೆ..."

"ಅತ್ತೀ, ಸಾಕ್ರೀ!" ಅಡುಗೆಮನೆಯಿಂದ ಸವಿತಾ. ಮೈತ್ರಿ ಕಣ್ಣು ಮುಚ್ಚಿಕೊಂಡಿದ್ದಳು.

ಆಫೀಸರ್ ಬಹಳ ಮೃದುವಾಗಿ ಹೇಳಿದರು. ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆಯೋ ಅವರನ್ನು ಬಿಟ್ಟು ಬೇರೆ ಯಾರ ಕೈಗೂ ಕೀ ಸಿಗಬಾರದು. ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ. ಎಲ್ಲಿದೆ ಎಂಬುದೂ ಗೊತ್ತಿರಬಾರದು. ಇವತ್ತು ತಾನು ಸಹಿ ಹಾಕಲಾರೆ. ಬೀಗ ಬದಲಾಯಿಸಿ, ಏರ್ಪಾಡು ಸರಿ ಮಾಡಿ ತಿಳಿಸಿ, ಮತ್ತೆ ಬರುತ್ತೇನೆ. ಯಾವಾಗ? ಪಟ್ಟಿ ಉದ್ದ ಇದೆ. ವಾರಗಳಾಗಬಹುದು.

ತಿಂಗಳು ಮುಗಿಯಲು ಉಳಿದದ್ದು ಹತ್ತೊಂಬತ್ತು ದಿನ.

ಮೈತ್ರಿ ಕೂಗಾಡಿದ್ದರೆ ಚೆನ್ನಾಗಿತ್ತು. ಕಪ್ಪುಗಳನ್ನು ತೊಳೆದಿಟ್ಟು ಮೆಟ್ಟಿಲು ಹತ್ತುವಾಗ, ತಿರುಗಿ, "ಅಜ್ಜಿ, ಈ ಮನೇಲಿ ನನ್ನ ಎಲ್ಲದಕ್ಕೂ ಒಂದು ಸ್ಪೇರ್ ಕೀ ಇರುತ್ತೆ," ಎಂದಳು. ಕನ್ನಡದಲ್ಲಿ. ಅವಳು ಕನ್ನಡದಲ್ಲಿ ಪೂರ್ತಿ ವಾಕ್ಯ ಹೇಳುವುದೇ ಅಪರೂಪ.

ನಾನು ಗೊಂಚಲನ್ನು ಮಡಿಲಲ್ಲಿಟ್ಟು ಕುಳಿತೆ.

ಈ ಗೊಂಚಲು ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮಗೆ ಬಂದ ಪತ್ರಗಳನ್ನು ಮದರ್ ಒಡೆದು ಓದಿಯೇ ಕೊಡುತ್ತಿದ್ದರು. ಅಮ್ಮ ಬರೆದದ್ದನ್ನೂ. ಮದುವೆಯಾಗಿ ಹೋದರೆ ಟ್ರಂಕು ನನ್ನದು, ಕೀ ಅತ್ತೆಯ ಸೊಂಟದಲ್ಲಿ. ನನ್ನದೇ ಸೀರೆ ತೆಗೆಯಲು ಅವರ ಮುಂದೆ ನಿಲ್ಲಬೇಕಿತ್ತು. ಅವರು ಹೋದ ಮೇಲೆ, ನಲವತ್ತಾರನೆಯ ವಯಸ್ಸಿಗೆ, ಗೊಂಚಲು ನನ್ನ ಕೈಗೆ ಬಂತು. ಅವತ್ತು ನಾನು ಮನೆಯ ಯಜಮಾನಿಯಾದೆ. ಆ ಮನೆ ಈಗ ಇಲ್ಲ, ಆ ಬೀಗಗಳೂ ಇಲ್ಲ. ಲಂಡನ್ನಿಗೆ ಬಂದವಳು ಇಲ್ಲಿಯ ಕೀಗಳನ್ನು ಹಾಕಿಕೊಂಡು ಯಜಮಾನಿಕೆ ಮುಂದುವರಿಸಿದೆ. ಸವಿತಾ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅದನ್ನು ಕೇಳಲಿಲ್ಲ. ಕೇಳಬಾರದು ಎಂದು ಅವಳಿಗೂ ಯಾರೋ ಕಲಿಸಿರಬೇಕು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ನಾವು ಏನು ಕೊಡುವುದಿಲ್ಲ ಹೇಳಿ? ಓದು ಕೊಡುತ್ತೇವೆ, ಚಿನ್ನ ಕೊಡುತ್ತೇವೆ, ಲ್ಯಾಪ್‌ಟಾಪ್ ಕೊಡುತ್ತೇವೆ. ಆಮೇಲೆ ಪಾಸ್‌ವರ್ಡ್ ಏನು ಮಗಾ ಎಂದು ಕೇಳುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ. ನಾವೆಲ್ಲ ಒಂದೇ ಅಲ್ಲವಾ, ಮುಚ್ಚಿಡುವುದು ಎಂತ ಉಂಟು? ಅವಳದೇ ಎಂಬ ಒಂದು ಬೀಗ ಅವಳಿಗಿರಬೇಕು ಎಂದು ಹೇಳಲು ನಮ್ಮ ಮನೆಗೆ ಪೊಲೀಸು ಬರಬೇಕಾಯಿತು. ಅದೂ ಕೋವಿಯ ನೆಪದಲ್ಲಿ.

ರಾತ್ರಿಯ ಊಟಕ್ಕೆ ಮೊದಲೇ ಪೆನ್ನು ತೆಗೆದು ಕುಳಿತೆ. ಈಮೇಲ್ ಅಲ್ಲ, ಪತ್ರ. ಕಾನ್ವೆಂಟು ನನಗೆ ಬೇರೆ ಏನು ಕೊಟ್ಟಿತೋ ಬಿಟ್ಟಿತೋ, ಅಕ್ಷರ ಕೊಟ್ಟಿದೆ. ಡಿಯರ್ ಮೇಡಂ, ತಪ್ಪು ಪೂರ್ತಿ ನನ್ನದು, ಹುಡುಗಿಯದಲ್ಲ. ನಮ್ಮ ಕಡೆ ಕೀ ಹಿರಿಯ ಹೆಂಗಸಿನ ಬಳಿ ಇರುವುದು ವಾಡಿಕೆ. ಅದನ್ನು ಭದ್ರತೆ ಎಂದು ನಾನು ತಿಳಿದಿದ್ದೆ. ಬೀಗ ಬದಲಾಯಿಸುತ್ತಿದ್ದೇವೆ. ಹೊಸ ಕೀ ಎಲ್ಲಿ ಎಂದು ನನಗೆ ಗೊತ್ತಾಗುವುದಿಲ್ಲ. ಜೊತೆಗೆ ಆರ್ಥರ್ ವಿಷಯವನ್ನೂ ಎರಡು ಸಾಲು ಬರೆದೆ. ಆ ಸ್ಪೇರ್ ಕೀಯನ್ನು ಗೊಂಚಲಿನಿಂದ ಬಿಡಿಸಿ ಮೈತ್ರಿಯ ಕೈಗಿಟ್ಟೆ. ಉಗುರು ಸೀಳಿತು. ಉಂಗುರ ಅಷ್ಟು ಬಿಗಿ.

"ಅಜ್ಜಿ, ಬೀಗ ಹೇಗೂ ಬದಲಾಗುತ್ತೆ. ಇದು ಯೂಸ್‌ಲೆಸ್," ಎಂದಳು.

"ಗೊತ್ತುಂಟು ಮಾರಾಯ್ತಿ. ಆದರೂ ಇಟ್ಕೊ."

ನಕ್ಕಳು. ಅಬ್ಬ.

ಹೊಸ ಬೀಗ ಬಂತು. ಹೊಸ ಕೀ ಎಲ್ಲಿ ಹೋಯಿತೋ ದೇವರಿಗೂ ಗೊತ್ತಿಲ್ಲ. ಅವನ ಫೋಟೋದ ಹಿಂದಂತೂ ಇಲ್ಲ. ಮುಂದಿನ ದಿನಗಳಲ್ಲಿ ನಾನು ಬಾಕ್ಸ್ ರೂಮಿನ ಧೂಳನ್ನು ಮೂರು ಸಲ ಒರೆಸಿದೆ. (ಹುಡುಕಲಿಲ್ಲ. ಒರೆಸಿದೆ, ಅಷ್ಟೆ. ಶೂ ಡಬ್ಬಿಗಳ ಒಳಗೂ ಧೂಳಿರುತ್ತದೆ.) ಮೂರನೆಯ ಸಲ ಸವಿತಾ ಬಾಗಿಲಲ್ಲಿ ನಿಂತು, "ಸಿಕ್ಕಿತೇನ್ರಿ ಅತ್ತೀ?" ಎಂದಳು. ಒರೆಸುವ ಬಟ್ಟೆ ಅವಳ ಕೈಯಲ್ಲೂ ಇತ್ತು.

ಹನ್ನೊಂದನೆಯ ದಿನ ಫೋನು ಬಂತು. ಯಾರದ್ದೋ ಅಪಾಯಿಂಟ್‌ಮೆಂಟ್ ರದ್ದಾಗಿತ್ತು. ಮರುದಿನ ಬೆಳಿಗ್ಗೆ ಅದೇ ಆಫೀಸರ್ ಬಂದರು; ಮೊದಲು ಮೈತ್ರಿಯ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದು ನನ್ನನ್ನು ಕೇಳಿದರು: "ಕೀ ಎಲ್ಲಿದೆ, ಮಿಸೆಸ್ ಹೆಗ್ಡೆ?"

"ಗೊತ್ತಿಲ್ಲ." ನನ್ನ ಬಾಯಿಗೆ ಆ ಶಬ್ದ ಹೊಸ ಹಲ್ಲುಸೆಟ್ಟಿನ ಹಾಗೆ ಇತ್ತು.

ಸವಿತಾಳ ಕಡೆ ನೋಡಿದರು. "ನಂಗೂ ಗೊತ್ತಿಲ್ರಿ," ಎಂದು ಅವಳು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದಳು. ಆಫೀಸರಿಗೆ ಪೂರ್ತಿ ಅರ್ಥವಾಯಿತು. ಸಹಿ ಬಿತ್ತು. ತಿಂಗಳು ಮುಗಿಯಲು ಮೂರು ದಿನ ಇರುವಾಗ ಸರ್ಟಿಫಿಕೇಟ್ ಪೋಸ್ಟಿನಲ್ಲಿ ಬಂತು. ಮೈತ್ರಿ ಅದನ್ನು ಎದೆಗೊತ್ತಿಕೊಂಡು ಮನೆಯ ತುಂಬ ಓಡಿದಳು. ಅದರ ಮೇಲೆ ಅವಳೊಬ್ಬಳ ಹೆಸರೇ ಇತ್ತು. ಕೇರ್ ಆಫ್ ಯಾರೂ ಇಲ್ಲ.

ಆರ್ಥರ್ ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ಭಾನುವಾರ, ಶೂಟಿಂಗ್ ಗ್ರೌಂಡಿನಲ್ಲಿ. ಅವರ ಮಗಳು ಕಾರಿನಲ್ಲೇ ಕಾಯುತ್ತಿದ್ದಳು. ಹಿಂದಿನ ಸೀಟಿನವರೆಗೂ ಸಾಮಾನು ತುಂಬಿತ್ತು. ಆರ್ಥರ್ ಕೋವಿಯನ್ನು ಬಗ್ಗಿಸಿ ತೆರೆದು, ಎರಡೂ ನಳಿಗೆ ಖಾಲಿ ಎಂದು ಪದ್ಧತಿಯಂತೆ ತೋರಿಸಿ, ಮೈತ್ರಿಯ ಕೈಗೆ ಕೊಟ್ಟರು. ಕಾಗದದ ಮೇಲೆ ಇಬ್ಬರೂ ಸಹಿ ಮಾಡಿದರು. ಆಮೇಲೆ ಆರ್ಥರ್ ಅವರ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ. ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ಬೆನ್ನ ಹಿಂದೆ ಕಟ್ಟಿದರು.

ಮೈತ್ರಿ ಜಾಗದಲ್ಲಿ ಹೋಗಿ ನಿಂತಳು. "ಪುಲ್!" ಎಂದು ಕೂಗಿದಳು. ಬಿಲ್ಲೆ ಹಾರಿತು. ನೋಡಿದರೆ, ಆರ್ಥರ್ ಮುಖ ತಿರುಗಿಸಿ ಆ ಕಡೆಯ ಬೇಲಿಯನ್ನು ನೋಡುತ್ತಿದ್ದಾರೆ!

ಇಷ್ಟೆಲ್ಲ ಮಾಡಿ, ಇಷ್ಟು ಕಾದು, ನೋಡಲಾರರೇ? ಮೆಲ್ಲಗೆ ಅವರ ತೋಳು ಮುಟ್ಟಿ, "ಆರ್ಥರ್, ಅವಳು ಈ ಕಡೆ ಇದ್ದಾಳೆ," ಎಂದೆ.

"ಗೊತ್ತು ಮಿಸೆಸ್ ಹೆಗ್ಡೆ. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ. ನೇರ ನೋಡಿದರೆ ಹುಡುಗಿ ಮಾಯವಾಗುತ್ತಾಳೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಪೂರ್ತಿ ಕಾಣುತ್ತಾಳೆ."

ಇಪ್ಪತ್ತೈದು ಬಿಲ್ಲೆ ಮುಗಿಯುವವರೆಗೂ ಅವರು ಬೇಲಿಯನ್ನೇ ನೋಡುತ್ತ, ನಗುತ್ತ ನಿಂತಿದ್ದರು. ಹದಿನಾಲ್ಕು ಪುಡಿಯಾದವು, ಒಂದನ್ನೂ ತಪ್ಪಿಸದೆ ಎಣಿಸಿ ನನಗೇ ಲೆಕ್ಕ ಹೇಳಿದರು. ಆಮೇಲೆ ಕಾರು ಹತ್ತಿದರು.

ಹತ್ತೊಂಬತ್ತು ವರ್ಷ ಆ ಹುಡುಗಿಯನ್ನು ನೆಟ್ಟ ಕಣ್ಣಿನಿಂದ ನೋಡುತ್ತಲೇ ಬಂದ ನಮಗೆ, ಅವಳು ಒಮ್ಮೆಯಾದರೂ ಪೂರ್ತಿ ಕಂಡಿದ್ದಳೇ?